ಬೀದರ್ ಊರು ದಿನ್ನಿ ಮ್ಯಾಲ ಅದ, ನಕ್ಷೆದಾಗ ಪೂರಾ ಹಸಿರು ಬಂದದ, ನಮ್ಮ ಓಣಿಯಾಗ ಮಾತ್ರ ಮೊಣಕಾಲುದ್ದ ನೀರು. ಎಲ್ಲಿ ತಪ್ಪಾಗ್ಯಾದ?

ಕೆಂಪುಮಣ್ಣು_ಬೀದರ್:

ಎಲ್ಲರಿಗೂ ನಮಸ್ಕಾರ. ನಾನು ಬೀದರ್‌ದಾಕಿ, ಎಂಟೆಕ್ ಕೊನೇ ವರ್ಷ, ಪ್ರಾಜೆಕ್ಟ್ ವಿಷಯ ಬೀದರ್ ಸಿಟಿಯ ನೆರೆ ಅಪಾಯದ ನಕ್ಷೆ. ಎರಡು ತಿಂಗಳಿಂದ ಇದರ ಮ್ಯಾಲೇ ಕುಂತೀನಿ, ಈಗ ಒಂದು ಕಡಿ ಸಿಕ್ಕೊಂಡೀನಿ, ಯಾರರೆ ತಿಳಿದವ್ರು ದಾರಿ ತೋರಿಸ್ರಿ.

ಮಾಡಿದ್ದು ಏನಂದ್ರ, ಎಸ್‌ಆರ್‌ಟಿಎಂ 30 ಮೀಟರ್ ಡೆಮ್, ಅಂದ್ರ 30 ಮೀಟರ್ ಚೌಕಕ್ಕೊಂದು ನೆಲದ ಎತ್ತರ ಇರೋ ನಕ್ಷೆ, ಡೌನ್‌ಲೋಡ್ ಮಾಡಿ ಕ್ಯೂಜಿಐಎಸ್ ಅನ್ನೋ ನಕ್ಷೆ ಸಾಫ್ಟ್‌ವೇರ್‌ದಾಗ ಹಾಕಿ ಸಿಂಕ್ ಫಿಲ್, ಅಂದ್ರ ಅದರಾಗಿನ ತಗ್ಗು ತುಂಬಿಸೋದು, ಮಾಡಿದೆ, ಆಮ್ಯಾಲ ಇಳಿಜಾರು, ಎತ್ತರ, ನದಿಯಿಂದ ದೂರ, ನಾಲಾ ಸಾಂದ್ರತೆ, ಮಣ್ಣು, ಭೂಬಳಕೆ, ವರ್ಷದ ಮಳಿ, ಫ್ಲೋ ಅಕ್ಯುಮುಲೇಶನ್ (ಮ್ಯಾಲಿಂದ ಎಷ್ಟು ನೀರು ಬಂದು ಕೂಡ್ತದ) ಅಂತ ಎಂಟು ಲೇಯರ್ ಮಾಡಿ, ಎಎಚ್‌ಪಿ ಪದ್ಧತಿಲೆ, ಅಂದ್ರ ಎರಡೆರಡು ಲೇಯರ್ ಹೋಲಿಸಿ, ತೂಕ ಕೊಟ್ಟು, ಒಂದರ ಮ್ಯಾಲೊಂದು ಇಟ್ಟು ಐದು ವರ್ಗ ಮಾಡಿದೆ. ತೂಕ ಎಲ್ಲಾ ಬ್ಯಾರೆ ಪೇಪರ್ ನೋಡಿ ಕೊಟ್ಟದ್ದು. ಬಂದದ್ದು ಏನಂದ್ರ ಮಾಂಜ್ರಾ ಹೊಳಿ ದಂಡಿ ಹೊಲ ಎಲ್ಲಾ ಕಡುಕೆಂಪು, ಬೀದರ್ ಊರು ಒಂದು ತುಂಡೂ ಬಿಡದಂಗ ಹಸಿರು, 'ಅತಿ ಕಡಿಮೆ ಅಪಾಯ'. ಕಾಲೇಜಿನಾಗ ತೋರಿಸಿದ್ರ ಎತ್ತರದ ಊರು, ಹಂಗೇ ಬರ್ತದ, ಬರಿ ಅಂದ್ರು.

ಆದ್ರ ನಮ್ಮ ಮನಿ ರಿಂಗ್ ರೋಡ್ ತೆಳಗಿನ ಇಳಿಜಾರಿನಾಗ ಅದ, ನಾಲಾ ಪಕ್ಕ. ಜೋರ್ ಮಳಿ ಬಂತಂದ್ರ ಅರ್ಧ ತಾಸಿನಾಗ ಓಣಿಯ ತೆಳಗಿನ ತುದಿಗಿ ಮೊಣಕಾಲುದ್ದ ನೀರು ನಿಲ್ತದ. ಹ್ವಾದ ವರ್ಷ ಪಕ್ಕದ ಮನಿಯವ್ರ ಸ್ಕೂಟಿ ಓಣಿ ತಿರುವಿನ ತನಕ ಎಳಕೊಂಡು ಹೋಗಿ ಸ್ಲ್ಯಾಬಿನ ಸಂದಿಗಿ ಸಿಕ್ಕಿತ್ತು. ನಮ್ಮವ್ವ ಕಿಟಕಿ ಸರಳು ಹಿಡಕೊಂಡು ನಿಂತು ಅದನ್ನೇ ನೋಡ್ಲತ್ತಿದ್ಳು. ನನ್ನ ಮನಿನೇ ಹಸಿರು ತೋರಿಸೋ ನಕ್ಷೆ ಕೊಟ್ಟು ಡಿಗ್ರಿ ತಗೋಳಾಕ ನನಗ ಮನಸ್ಸು ಒಪ್ಪವಲ್ದು. ತಪ್ಪು ಎಲ್ಲಿ ಅದ? 30 ಮೀಟರ್ ಡೆಮ್ ಸಾಲಲ್ಲೇನು? ನಾಲಾಕ್ಕ ಅಳತಿ ಗೇಜ್ ಯಾವದೂ ಇಲ್ಲ, ಹಂಗಿದ್ದಾಗ ನೀರಿನ ಲೆಕ್ಕ ಹೆಂಗ ಹಿಡಿಬೇಕು?

ನಕ್ಷೆಗಾರ_ಕಲಬುರಗಿ:

ತಂಗಿ, ನಿಮ್ಮ ಮನಸ್ಸು ಒಪ್ಪದೇ ಇದ್ದದ್ದೇ ಸರಿ ಅದ. ಸಾಫ್ಟ್‌ವೇರ್ ತಪ್ಪು ಮಾಡಿಲ್ಲ, ನೀವು ಕೇಳಿದ್ದಕ್ಕ ಸರಿಯಾಗೇ ಉತ್ತರ ಕೊಟ್ಟದ, ಕೇಳಿದ ಪ್ರಶ್ನೆನೇ ಬೀದರ್ ಊರಿಂದಲ್ಲ, ಬ್ಯಾರೆ ಊರಿಂದು.

ಯಾಕಂದ್ರ ಆ ಪೇಪರ್‌ಗಳ ತೂಕ ಎಲ್ಲಾ ಬಯಲು ನಾಡಿನ ದೊಡ್ಡ ನದಿ ದಂಡಿ ಊರಿಗಿ ಮಾಡಿದ್ದು. ನಮ್ಮ ಕಲಬುರಗಿ ಜಿಲ್ಲಾಕ್ಕ ಅದು ಸ್ವಲ್ಪ ಹೊಂದ್ತದ, 2020ರ ಅಕ್ಟೋಬರ್‌ನಾಗ ಭೀಮಾ ಏರಿ ಬಂದಾಗ ಅಫಜಲಪುರ ಕಡಿ ನೀರು ನಿಂತದ್ದು ನದಿಗಿ ಹತ್ತಿರದ ತಗ್ಗಿನಾಗೇ. ಬೀದರ್ ಅಂದ್ರ ಸುಮಾರು 660 ಮೀಟರ್ ಎತ್ತರದ ಪ್ರಸ್ಥಭೂಮಿ, ಮಾಂಜ್ರಾ ನೂರು ಮೀಟರ್‌ಗಿಂತ ತೆಳಗ ಹರೀತದ. ಹೊಳಿ ಏರಿ ಊರಿಗಿ ಬರೋದು ಆಗೋ ಮಾತಲ್ಲ. ನಿಮ್ಮ ಊರಿಗಿ ನೀರು ಬರೋದು ಆಕಾಶದಿಂದ, ನಿಮ್ಮದೇ ಮ್ಯಾಲಿನ ಓಣಿಯ ತಾರಸಿ, ಸಿಮೆಂಟ್ ರೋಡ್ ಮ್ಯಾಲಿಂದ. ಹಿಂಗಿದ್ದಾಗ 'ಎತ್ತರ' ಮತ್ತ 'ನದಿಯಿಂದ ದೂರ' ಅನ್ನೋ ಎರಡು ಲೇಯರಿಗಿ ಅರ್ಧಕ್ಕಿಂತ ಜಾಸ್ತಿ ತೂಕ ಕೊಟ್ರ ಊರು ಹಸಿರು ಬರದೇ ಏನ್ ಬರ್ತದ. ವರ್ಷದ ಮಳಿ ಲೇಯರ್ ಸಹಿತ ಕಿತ್ತಿ ಹಾಕ್ರಿ, ಇಷ್ಟು ಸಣ್ಣ ಊರಿನಾಗ ಎಲ್ಲಾ ಕಡಿ ಒಂದೇ ಅಂಕಿ ಇರ್ತದ, ಅದರಿಂದ ಒಂದು ಓಣಿಗೂ ಇನ್ನೊಂದು ಓಣಿಗೂ ವ್ಯತ್ಯಾಸ ಹುಟ್ಟಲ್ಲ.

ಸಮುದ್ರಮಟ್ಟದಿಂದ ಎತ್ತರ ಬಿಟ್ಟು, ಹತ್ತಿರದ ನಾಲಾ ತಳದಿಂದ ಆ ಜಾಗ ಎಷ್ಟು ಎತ್ತರ ಅದ ಅಂತ ನೋಡ್ರಿ, ಅದಕ್ಕ ಹ್ಯಾಂಡ್ ಅಂತಾರ, ವೈಟ್‌ಬಾಕ್ಸ್ ಟೂಲ್‌ನಾಗ ಬರ್ತದ. ಇದೊಂದು ಬದಲಿಸಿದ್ರೇ ನಿಮ್ಮ ಹಸಿರು ಹಾಳಿ ಮ್ಯಾಲ ಬೆರಳಿನಂಗ ಕೆಂಪು ಗೆರಿ ಕಾಣ್ಲಾಕ ಶುರು ಆಗ್ತಾವ. ನೀರೆಲ್ಲಾ ಕಡೀಗಿ ಮಾಂಜ್ರಾ ಕಡಿಗೇ ಹೋಗೋದಿದ್ರೂ ಊರಿನ ಅಂಚಿನಿಂದ ನಾಲ್ಕೂ ದಿಕ್ಕಿಗಿ ಸಣ್ಣ ಸಣ್ಣ ನಾಲಾ ಇಳೀತಾವ, ಒಂದೊಂದಕ್ಕೂ ತನ್ನ ತನ್ನ ಜಲಾನಯನ ಅದ. ಇಡೀ ಬೀದರ್‌ಗಿ ಒಂದೇ ನಕ್ಷೆ ಮಾಡೋಕಿಂತ ನಿಮ್ಮ ನಾಲಾ ಒಂದನ್ನ ಸರಿಯಾಗಿ ಮಾಡ್ರಿ ಅಂತೀನಿ ನಾನಂತೂ.

ಇನ್ನ ಡೆಮ್ ಮಾತು. ಎಸ್‌ಆರ್‌ಟಿಎಂ ಅಂದ್ರ 2000ನೇ ಇಸ್ವಿ ಫೆಬ್ರವರಿಯಾಗ ಬಾಹ್ಯಾಕಾಶ ನೌಕೆ 11 ದಿನ ತಿರುಗಿ ರೇಡಾರಿನಿಂದ ತೆಗೆದದ್ದು, ಅದಾದ ಮ್ಯಾಲ ಕಟ್ಟಿದ ನಿಮ್ಮ ಬಡಾವಣೆ ಅದರಾಗಿಲ್ಲ. ಅದಕ್ಕಿಂತ ದೊಡ್ಡ ಮಾತು ಏನಂದ್ರ ಅದರಾಗ ಎತ್ತರ ಇರೋದು ಪೂರ್ಣ ಮೀಟರ್ ಲೆಕ್ಕದಾಗ, 661, 662 ಹಿಂಗ. ಮೊಣಕಾಲುದ್ದ ಅಂದ್ರ ಅರ್ಧ ಮೀಟರ್. ಅರ್ಧ ಮೀಟರಿನ ತ್ರಾಸು ಒಂದೊಂದು ಮೀಟರಿನ ಮೆಟ್ಟಲದಾಗ ಹೆಂಗ ಕಾಣಬೇಕು ಹೇಳ್ರಿ. ಕೊಪರ್ನಿಕಸ್ 30 ಮೀಟರ್ ಡೆಮ್ ತಗೋರಿ, ಇಸ್ರೋದ ಭುವನ್ ಜಾಲತಾಣದಾಗ ಕಾರ್ಟೋಡೆಮ್ ಅದ, ಫ್ಯಾಬ್‌ಡೆಮ್ ಅಂತ ಬಿಲ್ಡಿಂಗ್ ಮತ್ತ ಗಿಡ ತೆಗೆದು ಹಾಕಿದ್ದೂ ಸಿಗ್ತದ, ಮೂರೂ ಹೋಲಿಸಿ ನೋಡ್ರಿ. ಅಲೋಸ್ 12.5 ಮೀಟರ್ ಅಂತ ನೋಡಿ ಖುಷಿಪಡಬ್ಯಾಡ್ರಿ, ರೇಡಾರ್ ಚಿತ್ರದ ಸಂಗಾಟ ಬರೋ ಆ ಡೆಮ್ ಎಸ್‌ಆರ್‌ಟಿಎಂ ಅನ್ನೇ ಹಿಗ್ಗಿಸಿ ಕೊಟ್ಟದ್ದು.

ಇನ್ನೊಂದು, ಕಣ್ಣು ಮುಚ್ಚಿ ಸಿಂಕ್ ಫಿಲ್ ಮಾಡಬ್ಯಾಡ್ರಿ. ಬೀದರ್‌ದಾಗ ಕೆಂಪು ಕಲ್ಲಿನ ಕ್ವಾರಿ ತಗ್ಗು ಅವ, ಪಾಪನಾಶ ಕೆರಿ ಅದ, ಕೋಟಿ ಕಂದಕ ಅದ, ಅವೆಲ್ಲಾ ಖರೇ ತಗ್ಗು, ನೀರು ಹಿಡದಿಡೋ ಜಾಗ. ಫಿಲ್ ಕೊಟ್ರ ಅವೂ ಮುಚ್ಚಿ ಹೋಗ್ತಾವ. ಮತ್ತ ರಿಂಗ್ ರೋಡ್ ಏರಿ ಡೆಮ್‌ದಾಗ ಗ್ವಾಡಿ ಆಗಿ ಕಾಣ್ತದ, ತೆಳಗಿನ ಮೋರಿ ಕಾಣಲ್ಲ, ಎಲ್ಲೆಲ್ಲಿ ಮೋರಿ ಅವ ಅಲ್ಲಿ ಕೈಯಿಂದ ಕೊರೀಬೇಕು. ಸರ್ವೆ ಆಫ್ ಇಂಡಿಯಾದ 1:50,000 ಶೀಟ್ ಆನ್‌ಲೈನ್ ಪುಕ್ಕಟ ಸಿಗ್ತದ, ದಿಶಾಂಕ್ ಆ್ಯಪ್‌ನಾಗ ಸರ್ವೆ ನಂಬರ್ ಮ್ಯಾಲ ಹಳೇ ನಾಲಾ ಗೆರಿ ಕಾಣ್ತದ, ಎರಡೂ ಇಟ್ಟು ನೋಡ್ರಿ, ಹಳೇ ನಾಲಾ ಎಲ್ಲಿತ್ತು ಈಗ ಅದರ ಮ್ಯಾಲ ಏನದ ಅಂತ ತಿಳೀತದ. ರೇಡಾರ್ ಉಪಗ್ರಹ ಚಿತ್ರದಾಗ, ಸೆಂಟಿನೆಲ್‌ದಾಗ, ನೆರೆ ಕಾಣ್ತದ ಅಂತ ಯಾರರೆ ಹೇಳಿದ್ರ, ಹೊಲದಾಗ ಕಾಣ್ತದ ಖರೆ, ಓಣಿ ಒಳಗಿನ 40 ನಿಮಿಷದ ನೀರು ಅದಕ್ಕ ಸಿಗಲ್ಲ.

ತೊಗರಿಚೀಲ_ಗಂಜ್:

ನಮಸ್ಕಾರ ತಂಗಿ. ನಮ್ಮ ಹುಡುಗ ನಿನ್ನ ಪ್ರಶ್ನೆ ಓದಿ ತೋರಿಸಿದ. ನಾನು ಫೋನಿನಾಗ ಮಾತಾಡಿ ಬರಸ್ಲತ್ತೀನಿ. ನಂದು ಗಂಜ್‌ದಾಗ ಅಂಗಡಿ, ಗೋಡೌನ್ ಮಾತ್ರ ರಿಂಗ್ ರೋಡ್ ತೆಳಗ ನೀ ಹೇಳಿದಂಥದೇ ಒಂದು ನಾಲಾ ದಂಡಿಗಿ ಅದ, ಬಹುಶಃ ನಿಮ್ಮ ಓಣಿದೇ ಮುಂದಿನ ತುದಿ ಇರಬೇಕು.

ಹ್ವಾದ ವರ್ಷ ಸಂಜಿಕಿ ಛಾ ಕುಡಿದು ಕಪ್ ಕೆಳಗ ಇಟ್ಟೀನಿ, ಮಳಿ ಹೊಡೀತು. ಹಂಗ ಹೊಡದದ್ದು ನಾ ಭಾಳ ವರ್ಷದಾಗ ನೋಡಿದ್ದಿಲ್ಲ. ಕರೆಂಟ್ ಹೋಯ್ತು. ಮೊದಲ ಗೋಡೌನ್ ಮುಂದಿನ ಚೇಂಬರ್ ಮುಚ್ಚಳ ತಪತಪ ಅಂತ ಕುಣಿಲಾಕ ಹತ್ತಿತು, ಒಳಗಿಂದ ನೀರು ಒದೀಲತ್ತಿತ್ತು. ನಾವು ಮುಂದಿನ ಬಾಗಿಲಿಗಿ ಹಲಗಿ ಇಟ್ಟು ಹಳೇ ಗೋಣಿಚೀಲ ಒತ್ತಿ ನಿಂತೀವಿ, ನೀರು ಬಂದದ್ದು ಹಿಂದಿನ ಗ್ವಾಡಿ ಕಡಿಲಿಂದ. ಯಾಕಂದ್ರ ನಾಲಾ ಆಚಿ ದಂಡಿಗಿ ಹೊಸಾದು ಕಂಪೌಂಡ್ ಎಬ್ಬಿಸ್ಯಾರ, ಮೊದಲ ನೀರು ಆ ಕಡಿ ಖುಲ್ಲಾ ಪ್ಲಾಟಿನಾಗ ಹರಡತಿತ್ತು, ಈಗ ಗ್ವಾಡಿಗಿ ಬಡದು ನನ್ನ ಕಡಿ ತಿರುಗ್ತದ. ಬರೋವಾಗ ಕೆಂಪು ಇತ್ತು, ಮುರುಮಿನ ನೀರು, ಆಮ್ಯಾಲ ಕರ್ರಗ ಆಗಿ ವಾಸನಿ ಬಂತು. ಮುಕ್ಕಾಲು ತಾಸು ಆಗಿರಬೇಕು, ಹೆಂಗ ಬಂತೋ ಹಂಗೇ ಇಳೀತು. ನಾಲ್ಕು ಬೆರಳು ಕೆಂಪು ರಾಡಿ ಬಿಟ್ಟು ಹೋಯ್ತು.

ತೊಗರಿ ಚೀಲ ಅಡ್ಡ ಒಟ್ಟಿದ್ದೆ. ತೆಳಗಿನ ಸಾಲು ಪೂರಾ ತೊಯ್ದಿತ್ತು, ಎರಡನೇ ಸಾಲು ಅರ್ಧ. ಒಂದು ಸಾಲು ಅಂದ್ರ ಒಂಬತ್ತು ಇಂಚು ಹಿಡಿ. ಗೋಡೌನ್ ಕಟ್ಟಿ ರೋಡಿಗಿಂತ ಒಂದು ಫೂಟ್ ಎತ್ತರ. ನಮ್ಮ ಹುಡುಗ ಗ್ವಾಡಿ ಮ್ಯಾಲ ನೀರು ನಿಂತ ಗುರುತಿಗಿ ಬಡಿಗ್ಯಾರ ಪೆನ್ಸಿಲ್‌ಲೆ ಗೆರಿ ಎಳದು ತಾರೀಖ ಬರದಾನ, ಸುಣ್ಣ ಹಚ್ಚೋವಾಗೂ ಆ ತುಂಡು ಬಿಡು ಅಂದೀನಿ. ನಿನ್ನ ಕೆಲಸಕ್ಕ ಬೇಕಿದ್ರ ಬಂದು ಅಳತಿ ತಗೊಂಡು ಹೋಗವ್ವಾ.

ಲೆವೆಲ್‌ಸ್ಟಾಫ್_ನಿವೃತ್ತ:

ಮೂವತ್ತು ವರ್ಷಕ್ಕೂ ಮ್ಯಾಲ ಕೆರೆ, ಮೋರಿ, ಕಾಲುವೆ ಕೆಲಸ ಮಾಡಿ ನಿವೃತ್ತನಾಗಿದ್ದೀನಿ. ಗಂಜ್ ಸಾಹುಕಾರರು ಬರೆದದ್ದು ನಿಮ್ಮ ಎಂಟು ಲೇಯರಿಗಿಂತ ತೂಕದ್ದು ಅಂತ ಮೊದಲೇ ಹೇಳಿಬಿಡ್ತೀನಿ. ಒಂದೇ ತಿದ್ದುಪಡಿ, ಚೀಲದ ಹಸಿ ನಂಬಬೇಡಿ, ಗೋಣಿ ನೀರನ್ನ ಮ್ಯಾಲಕ್ಕ ಎಳೀತದ, ತೊಗರಿನೂ ಹೀರ್ತದ. ಗ್ವಾಡಿ ಮ್ಯಾಲಿನ ಕೆಂಪು ಗೆರಿ ನಂಬ್ರಿ, ಅದು ಚೀಲದ ಹಸಿಗಿಂತ ಎರಡು ಮೂರು ಇಂಚು ತೆಳಗೇ ಸಿಗ್ತದ. ಇಂಥ ಹತ್ತು ಗೆರಿ ಸಿಕ್ಕರ, ಕಾಲೇಜಿನ ಸರ್ವೆ ಲ್ಯಾಬಿನಿಂದ ಆಟೋ ಲೆವೆಲ್ (ಎತ್ತರ ಅಳೆಯೋ ದುರ್ಬೀನು) ತಗೊಂಡು ಹೋಗಿ ಎಲ್ಲವಕ್ಕೂ ಒಂದೇ ಬಿಎಂನಿಂದ, ಅಂದ್ರ ಎತ್ತರ ಗೊತ್ತಿದ್ದ ಗುರುತಿನಿಂದ, ಲೆವೆಲ್ ತಗೋರಿ, ಆ ದಿನದ ನೀರಿನ ಮಟ್ಟದ ಗೆರಿನೇ ಸಿಕ್ಕಂಗ ಆಗ್ತದ. ನಗರ ನೆರೆ ಬಗ್ಗೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ (ಎನ್‌ಡಿಎಂಎ) 2010ರಾಗ ತೆಗೆದ ಮಾರ್ಗಸೂಚಿಯಾಗ ಚರಂಡಿ ಯೋಜನೆಗೆ 0.2ರಿಂದ 0.5 ಮೀಟರ್ ಅಂತರದ ಕಾಂಟೂರ್ (ಸಮ ಎತ್ತರದ ಗೆರಿ) ಬೇಕು ಅಂತ ಬರೆದದ್ದು ಇದೇ ಕಾರಣಕ್ಕ. ಉಪಗ್ರಹದಿಂದ ಅದು ಬರೋದಿಲ್ಲ, ಓಣಿಯಾಗ ಸ್ಟಾಫ್, ಅಂದ್ರ ಅಳತಿ ಕೋಲು, ಹಿಡಿದು ನಿಂತರ ಬರ್ತದ. ನಾಲಾದ ಅಡ್ಡಕೊಯ್ತ 25 ಮೀಟರಿಗೊಂದು, ಮೋರಿ ಇದ್ದಲ್ಲಿ ಮ್ಯಾಲ ಒಂದು ತೆಳಗ ಒಂದು.

ಬೀದರ್ ನೆಲದ ಸ್ವಭಾವ ತಿಳ್ಕೊಳ್ರಿ. ಮ್ಯಾಲ ಲ್ಯಾಟರೈಟ್, ಅಂದ್ರ ಜಂಬಿಟ್ಟಿಗೆ ಕೆಂಪು ಕಲ್ಲು, ತೂತು ತೂತಾಗಿರೋದು, ನೀರು ಕುಡೀತದ. ತೆಳಗ ದಖ್ಖನ್ನಿನ ಕರಿಕಲ್ಲು, ಅದು ಅಷ್ಟು ಸಲೀಸಾಗಿ ಕುಡಿಯಲ್ಲ. ಎರಡೂ ಕೂಡೋ ಜಾಗದಾಗ ನೀರು ಬದಿಗಿ ಹರದು ದಿನ್ನಿ ಅಂಚಿನಾಗ ಝರಿಯಾಗಿ ಹೊರಬೀಳ್ತದ. ನಾನಕ್ ಝೀರಾ, ನರಸಿಂಹ ಝರಣಿ ಎಲ್ಲಾ ಅದೇ. ಬಹಮನಿಯವರು 15ನೇ ಶತಮಾನದಾಗ ರಾಜಧಾನಿ ಕಲಬುರಗಿಯಿಂದ ಇಲ್ಲಿಗಿ ತಂದ ಮ್ಯಾಲ ಕೊರೆಸಿದ ಸುರಂಗ ಬಾವಿ, ನೌಬಾದ್‌ದಾಗ ನೋಡಿರ್ತೀರಿ, ಆ ಇಂಗಿದ ನೀರನ್ನೇ ನಂಬಿದ್ದು. ಅಂದ್ರ ಈ ಊರಿನ ನೆಲ ಮಳಿ ನೀರನ್ನ ಒಳಗ ತಗೊಂಡು ಸಾವಕಾಶ ಬಿಡೋ ನೆಲ. ಅದರ ಮ್ಯಾಲ ತಾರಸಿ, ಕಾಂಕ್ರೀಟ್, ಪೇವರ್ ಹಾಸಿದಾಗ ಕುಡೀತಿದ್ದ ನೀರೆಲ್ಲಾ ಓಣಿಗಿ ಬಂತು. ಕಪ್ಪು ಮಣ್ಣಿನ ಊರಿನಾಗ ಕಟ್ಟಡ ಬಂದರ ನೀರು ಹೆಚ್ಚಾಗ್ತದ, ಆದರ ಹಸಿ ಎರೆ ಮಣ್ಣು ಮೊದಲೂ ಅಷ್ಟು ಕುಡೀತಿದ್ದಿಲ್ಲ. ಇಲ್ಲಿ ವ್ಯತ್ಯಾಸ ದೊಡ್ಡದು. ನಗರ ಬೆಳೆದಾಗ ನೆರೆಯ ಗರಿಷ್ಠ ಹರಿವು 1.8ರಿಂದ 8 ಪಟ್ಟು ಏರ್ತದ ಅಂತ ಅದೇ ಮಾರ್ಗಸೂಚಿ ಹೇಳ್ತದ.

ಮತ್ತ ನಿಮ್ಮ ನಕ್ಷೆಯಾಗ ಸುರಂಗ ಬಾವಿಯ ಗಾಳಿಬಾವಿಗಳನ್ನೂ, ಅಂದ್ರ ಮ್ಯಾಲಿಂದ ಸುರಂಗಕ್ಕ ಇಳಿಯೋ ಬಾವಿಗಳನ್ನೂ, ಗುರುತು ಹಾಕ್ರಿ. ಗಟಾರಿನ ನೀರು ಉಕ್ಕಿ ಅವುಗಳ ಬಾಯಿಗೆ ಇಳಿದರ ಒಳಗಿನ ಸಾಲು ಪೂರಾ ಕೆಡ್ತದ.

ಗೇಜ್ ಇಲ್ಲದ್ದಕ್ಕ ಚಿಂತಿ ಬೇಡ. ಸಣ್ಣ ಜಲಾನಯನಕ್ಕ ರ‍್ಯಾಷನಲ್ ಸೂತ್ರ ಸಾಕು. ಕ್ಷೇತ್ರ ಎಷ್ಟು ಹೆಕ್ಟೇರ್, ನಾಲಾ ಉದ್ದ ಎಷ್ಟು, ಇಳಿಜಾರು ಎಷ್ಟು, ರಿಂಗ್ ರೋಡಿನ ಮೋರಿ ಅಳತಿ ಎಷ್ಟು, ಈ ನಾಲ್ಕು ತಂದು ಇಲ್ಲಿ ಬರೀರಿ, ಕೂಡಿ ಲೆಕ್ಕ ಮಾಡೋಣ.

ಯಾದಗಿರಿ_ಬೆಟ್ಟದಡಿ:

ಇದನ್ನ ಓದಿ ನಮ್ಮ ಊರು ನೆನಪಾಯ್ತು. ಯಾದಗಿರಿ ಊರ ನಡುವೇ ಕೋಟಿ ಬೆಟ್ಟ ಅದ, ಬೋಳು ಗ್ರಾನೈಟ್ ಬಂಡಿ, ನಿಮ್ಮ ಕೆಂಪು ಕಲ್ಲಿನಂಗ ಹನಿನೂ ಕುಡಿಯಲ್ಲ, ಬಿದ್ದ ಮಳಿ ಬಿದ್ದಂಗೇ ತೆಳಗಿನ ಓಣಿಗಿ ಜಾರ್ತದ. ಇನ್ನೊಂದು ಕಡಿ ಭೀಮಾ. ಹಿಂಗಾಗಿ ನಮಗ ಎರಡು ನಮೂನಿ ನೆರೆ, ಒಂದು ಬೆಟ್ಟದಿಂದ ಇಳಿಯೋದು ತಾಸಿನಾಗ ಬಂದು ಹೋಗ್ತದ, ಇನ್ನೊಂದು ಹೊಳಿ ಏರೋದು ದಿನಗಟ್ಟಲೆ ನಿಲ್ತದ. ಹೊಳಿ ಏರಿದ ಹೊತ್ತಿನಾಗೇ ಊರಾಗ ಮಳಿ ಬಿದ್ರ ನಾಲಾ ಬಾಯಿ ಹೊಳಿ ನೀರಿನಾಗ ಮುಳುಗಿರ್ತದ, ಊರಿನ ನೀರು ಹೊರಗ ಹೋಗ್ಲಾಕ ದಾರಿ ಇರಲ್ಲ, ಹಿಂದಕ್ಕ ಒತ್ತತದ. ನಮ್ಮಂಥ ಊರಿಗಿ ಎರಡೂ ಬ್ಯಾರೆ ಬ್ಯಾರೆ ನಕ್ಷೆ ಮಾಡಿ ಆಮ್ಯಾಲ ಕೂಡಿಸಬೇಕು, ಒಂದೇ ಬಣ್ಣದಾಗ ಕಲಸಬಾರ್ದು. ಬೀದರ್‌ನವ್ರು ಈ ಎರಡನೇ ತ್ರಾಸಿನಿಂದ ಉಳದೀರಿ. ನಿಮ್ಮ ನಾಲಾ ತೆಳಗ ಯಾವುದರೆ ಕೆರಿಗಿ ಕೂಡ್ತದೇನು ನೋಡ್ರಿ, ಕೆರಿ ತುಂಬಿ ಕೋಡಿ ಬಿದ್ದಾಗ ಅದೂ ಹಿಂಗೇ ಹಿಂದಕ್ಕ ಒತ್ತಬಹುದು.

ಕೆಂಪುಮಣ್ಣು_ಬೀದರ್:

ಎಲ್ಲರಿಗೂ ಭಾಳ ಧನ್ಯವಾದ. ಹತ್ತು ದಿನ ಬರೀಲಿಲ್ಲ ಯಾಕಂದ್ರ ಓಣಿ ತಿರುಗ್ಲತ್ತಿದ್ದೆ. ನಾನು ನನ್ನ ಇಬ್ಬರು ಗೆಳತ್ಯಾರು ಆಟೋ ಲೆವೆಲ್ ಹೊತ್ಕೊಂಡು ಬೆಳಿಗ್ಗಿ ಆರಕ್ಕ ಹೋಗ್ತಿದ್ದೀವಿ, ಗಾಡಿ ಓಡಾಟ ಶುರುವಾದ ಮ್ಯಾಲ ಸ್ಟಾಫ್ ನಿಲ್ಲಸ್ಲಾಕ ಆಗಲ್ಲ.

ಕಾಕಾ, ನಿಮ್ಮ ಗೋಡೌನಿಗಿ ಬಂದಿದ್ದೆ, ನೀವು ಇರ್ಲಿಲ್ಲ, ನಿಮ್ಮ ಮಗ ಇದ್ರು. ಪೆನ್ಸಿಲ್ ಗೆರಿ ನೆಲದಿಂದ 10 ಇಂಚು, ರೋಡಿನಿಂದ 22 ಇಂಚು, ಅಂದ್ರ 56 ಸೆಂಟಿಮೀಟರ್. ಸರ್ ಹೇಳಿದ್ದು ಖರೆ ಆಯ್ತು, ಚೀಲದ ಲೆಕ್ಕಕ್ಕಿಂತ ಮೂರೂವರಿ ಇಂಚು ತೆಳಗೇ ಇತ್ತು. ಇಂಥವು ಒಟ್ಟು 14 ಗೆರಿ ಸಿಕ್ಕಾವ. ಒಂದು ಮನಿಯಾಗ ಫ್ರಿಜ್ಜಿನ ಬಾಗಿಲಿಗಿ ತುಕ್ಕಿನ ಗೆರಿ, ಇನ್ನೊಂದು ಮನಿಯಾಗ ದೇವರ ಕೋಣಿ ಬಾಗಿಲ ಚೌಕಟ್ಟಿನ ತೆಳಗಿನ ಕಟಗಿ ಉಬ್ಬಿ ಸೀಳ್ಯಾದ, ಎಲ್ಲಿ ತನಕ ಉಬ್ಬ್ಯಾದ ಅಂತ ಮುಟ್ಟಿದ್ರ ಕೈಗಿ ತಿಳೀತದ.

ಡೆಮ್ ಪ್ರಕಾರ ನಮ್ಮ ನಾಲಾ ಜಲಾನಯನ 28 ಹೆಕ್ಟೇರ್ ಬಂದಿತ್ತು. ನಡೆದು ನೋಡಿದಾಗ ಗೊತ್ತಾಯ್ತು, ರಿಂಗ್ ರೋಡಿನ ಬದಿ ಚರಂಡಿ ಆಚಿ ನಾಲಾಕ್ಕ ಹೋಗಬೇಕಾದ ನೀರನ್ನೂ ತಂದು ಇದರಾಗೇ ಹಾಕ್ತದ, ಅದು ಇನ್ನ 12 ಹೆಕ್ಟೇರ್. ಡೆಮ್‌ದಾಗ ಎಂದೂ ಕಾಣಂಗಿಲ್ಲ ಅದು. ಒಟ್ಟು 40. ಉದ್ದ 800 ಮೀಟರ್, ಸರಾಸರಿ ಇಳಿಜಾರು 2 ಪರ್ಸೆಂಟ್, ಮೋರಿ ಅಂದ್ರ 900 ಎಂಎಂ ಹ್ಯೂಮ್ (ಕಾಂಕ್ರೀಟ್) ಪೈಪ್ ಎರಡು, ಇಳಿಜಾರು ಸುಮಾರು 1 ಪರ್ಸೆಂಟ್. ಓಣಿ 20 ಫೂಟ್ ಅಗಲ.

ಮತ್ತ ಇನ್ನೊಂದು ಕೇಳಬೇಕಿತ್ತು. ನೀರು ಎಲ್ಲಿ ಬರ್ತದ ಅನ್ನೋದು ಅಪಾಯ, ಅದರಿಂದ ಯಾರಿಗಿ ಎಷ್ಟು ನಷ್ಟ ಅನ್ನೋದು ರಿಸ್ಕ್, ಇಷ್ಟು ಪುಸ್ತಕದಾಗ ಓದೀನಿ. ಆದ್ರ ಈ ಎರಡನೇದನ್ನ ಖರೇ ಓಣಿಯಾಗ ಅಳೆಯೋದು ಹೆಂಗ? ಜನಗಣತಿ ವಾರ್ಡ್ ಲೆಕ್ಕ 2011ದು, ಒಂದು ವಾರ್ಡಿನಾಗೇ ಬಂಗ್ಲೆನೂ ಅದ ತಗಡಿನ ಮನಿನೂ ಅದ.

ಆಶಾ_ಸೇವೆ:

ನಾನು ಆಶಾ ಕೆಲಸ ಮಾಡ್ತೀನಿ ರೀ, ಬೀದರ್ ಅಲ್ಲ, ಪಕ್ಕದ ತಾಲೂಕು. ನಿಮ್ಮ ಕೊನೇ ಪ್ರಶ್ನೆಗಿ ಮಾತ್ರ ಹೇಳ್ತೀನಿ. ಮಳಿ ಬಂದಾಗ ನನಗ ಮೊದಲ ನೆನಪಾಗೋದು ಯಾವ ಮನಿ ತಗ್ಗಿನಾಗ ಅದ ಅಂತಲ್ಲ, ಯಾವ ಮನಿಯಾಗ ಹಾಸಿಗಿ ಹಿಡದವರು ಹಾರ, ಯಾರಿಗಿ ಎಂಟು ಒಂಬತ್ತು ತಿಂಗಳು, ಯಾವ ಮನಿಯಾಗ ಹಗಲೊತ್ತು ಅಜ್ಜಿ ಮತ್ತ ಕೂಸು ಇಬ್ಬರೇ ಇರ್ತಾರ ಅಂತ. ನೀರು ಅದೇ ಅರ್ಧ ಮೀಟರ್ ಇದ್ರೂ ಮಾಳಗಿ ಇದ್ದ ಮನಿಯವ್ರು ಮ್ಯಾಲ ಹತ್ತತಾರ, ಒಂದೇ ಕೋಣಿ ತಗಡಿನ ಮನಿಯವ್ರು ಮಂಚದ ಮ್ಯಾಲ ಕುಂದರ್ತಾರ. ಅಕ್ಕಿ ಡಬ್ಬಿ, ರೇಷನ್ ಕಾರ್ಡ್, ಸಕ್ಕರಿ ಬ್ಯಾನಿ ಗುಳಿಗಿ, ಹುಡುಗ್ರ ಪುಸ್ತಕ ಎಲ್ಲಾ ನೆಲದ ಮ್ಯಾಲೇ ಇರ್ತಾವ. ಅದು ನಿಮ್ಮ ನಕ್ಷೆದಾಗ ಬರಬೇಕು.

ಮನಿ ಮನಿ ತಿರುಗೋ ಅಕ್ಕಂದಿರನ್ನ ಕೇಳ್ರಿ, ಅಂಗನವಾಡಿ ಟೀಚರ್‌ನ ಕೇಳ್ರಿ. ಅಂಗನವಾಡಿ ಎಲ್ಲದ, ಟ್ರಾನ್ಸ್‌ಫಾರ್ಮರ್ ಎಲ್ಲದ, ಬೋರ್‌ವೆಲ್ ಸ್ಟಾರ್ಟರ್ ಡಬ್ಬಿ ಎಷ್ಟು ಎತ್ತರದಾಗ ಅದ, ಇದನ್ನೂ ಹಾಕ್ರಿ, ನೀರಿನಾಗ ಕರೆಂಟ್ ಇಳಿಯೋದೇ ದೊಡ್ಡ ಭಯ ನಮಗ. ಆದ್ರ ಒಂದು ಕೈ ಮುಗಿದು ಹೇಳ್ತೀನಿ, ಮನಿವಾರು ಬ್ಯಾನಿ ಮಾಹಿತಿ ನಕ್ಷೆ ಮ್ಯಾಲ ಹಾಕಿ ಎಲ್ಲರಿಗೂ ಕಾಣೋ ಹಂಗ ಮಾಡಬ್ಯಾಡ್ರಿ. ಓಣಿ ಲೆಕ್ಕದಾಗ ಇಷ್ಟು ಮಂದಿ ಅಂತ ಅಷ್ಟೇ ಇರ್ಲಿ, ಮನಿ ಗುರುತು ಇದ್ದ ಪಟ್ಟಿ ಆ ಓಣಿಯ ಆಶಾ ಕೈಯಾಗೇ ಇರ್ಲಿ.

ಲೆವೆಲ್‌ಸ್ಟಾಫ್_ನಿವೃತ್ತ:

ಆಶಾ ಅಕ್ಕನವರ ಮಾತು ನನಗೂ ಹೊಸದು, ನಮ್ಮ ಕಾಲದಾಗ ಮೋರಿ ಕಟ್ಟೋವಾಗ ಇದನ್ನ ಯಾರೂ ಕೇಳ್ತಿದ್ದಿಲ್ಲ, ಕೇಳಬೇಕಿತ್ತು.

ಈಗ ಲೆಕ್ಕ. 800 ಮೀಟರ್ ಉದ್ದ, 2 ಪರ್ಸೆಂಟ್ ಇಳಿಜಾರು ಅಂದರ ತುತ್ತತುದಿಯ ಹನಿ ರಿಂಗ್ ರೋಡಿಗಿ ಬರ್ಲಾಕ ಸುಮಾರು 15 ನಿಮಿಷ. ಹಂಗಾಗಿ ನಿಮಗ ಬೇಕಾದದ್ದು 15 ನಿಮಿಷದ ಮಳಿ ತೀವ್ರತೆ. 24 ತಾಸಿನಾಗ 64.5 ಮಿಮೀ ಬಿದ್ದರ ಹವಾಮಾನ ಇಲಾಖೆ ಅದನ್ನ ಭಾರಿ ಮಳಿ ಅಂತದ, ಆದರ ಅದು ದಿನವಿಡೀ ಜಿಟಿಜಿಟಿ ಬಿದ್ದರ ನಿಮ್ಮ ಓಣಿಗಿ ಏನೂ ಆಗಲ್ಲ, ಅದರ ಮೂರನೇ ಒಂದು ಪಾಲು ಕಾಲು ತಾಸಿನಾಗ ಬಿದ್ದರ ಸ್ಕೂಟಿ ತೇಲ್ತದ. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ (ಕೆಎಸ್‌ಎನ್‌ಡಿಎಂಸಿ) ಟೆಲಿಮೆಟ್ರಿಕ್ ಮಳಿಮಾಪಕ 15 ನಿಮಿಷಕ್ಕೊಮ್ಮೆ ಅಳೀತಾವ, ಅರ್ಜಿ ಹಾಕಿ ಹತ್ತಿರದ ಸ್ಟೇಷನ್ನಿಂದು ಕೇಳ್ರಿ.

ಸೂತ್ರ ಅಂದರ ರನ್‌ಆಫ್ ಗುಣಾಂಕ (ಬಿದ್ದ ಮಳಿಯಾಗ ಹರದು ಹೋಗೋ ಪಾಲು), ತೀವ್ರತೆ, ಹೆಕ್ಟೇರ್ ಮೂರನ್ನೂ ಗುಣಿಸಿ 360ರಿಂದ ಭಾಗಿಸೋದು. ಮೊದಲು ತಾಸಿಗಿ 60 ಮಿಮೀ ಹಿಡಿಯೋಣ. ಖುಲ್ಲಾ ಕೆಂಪು ನೆಲ ಇದ್ದಾಗ ಗುಣಾಂಕ 0.3, ಅಂದರ 2 ಕ್ಯೂಮೆಕ್, ಸೆಕೆಂಡಿಗಿ 2 ಘನ ಮೀಟರ್. 900ರ ಎರಡು ಪೈಪು 1 ಪರ್ಸೆಂಟಿನಾಗ ತುಂಬಿ ಹರದರ ಸುಮಾರು 3.6 ಬಿಡ್ತಾವ. ಪೈಪು ಹಾಕಿದವರು ತಪ್ಪು ಮಾಡಿದ್ದಿಲ್ಲ, ಆಗಿನ ನೆಲಕ್ಕ ಅದು ಸಾಕಾಗಿತ್ತು. ಈಗ ಮನಿ ತುಂಬಿ 0.7 ಆದರ ಅದೇ ಮಳಿಗಿ 4.7. ಇನ್ನ 15 ನಿಮಿಷಕ್ಕ 22 ಮಿಮೀ ಬಿತ್ತಂತ ಹಿಡೀರಿ, ತಾಸಿನ ಲೆಕ್ಕಕ್ಕ 88, ಆವಾಗ 6.8. ಪೈಪಿಗಿ ಹೆಚ್ಚಾದ 3.2 ಎಲ್ಲಿ ಹೋಗಬೇಕು? ರೋಡ್ ಹತ್ತಿ ನಿಮ್ಮ ಓಣಿಗಿ ಇಳೀತದ.

20 ಫೂಟ್ ಓಣಿ ಅಂದರ 6 ಮೀಟರ್. ಒಂದು ಮೀಟರ್ ಅಗಲಕ್ಕ ಅರ್ಧ ಕ್ಯೂಮೆಕ್ ಮ್ಯಾಲ. 2 ಪರ್ಸೆಂಟ್ ಇಳಿಜಾರಿನ ಕಾಂಕ್ರೀಟ್ ಓಣಿಯಾಗ ಅದು ಗೇಣಿಗಿಂತ ತುಸು ಕಡಿಮಿ, 20 ಸೆಂಟಿಮೀಟರ್ ಆಳ, ವೇಗ ಮಾತ್ರ ಸೆಕೆಂಡಿಗಿ ಎರಡೂವರಿ ಮೀಟರ್. ಬರೇ ಆಳದ ನಕ್ಷೆ ಮಾಡಿದರ ಈ 20 ಸೆಂಟಿಮೀಟರ್ ತಿಳಿನೀಲಿ ಬರ್ತದ, ಸಣ್ಣದು ಅಂತ ಬಿಡ್ತಾರ. ಆಳ ಗುಣಿಸು ವೇಗ ಮಾಡಿದರ 0.5. ಆಸ್ಟ್ರೇಲಿಯಾದವರ ಮಾರ್ಗಸೂಚಿಯಾಗ 0.4 ದಾಟಿದರ ಮಕ್ಕಳು ನಿಲ್ಲಲಾರರು, 0.6 ದಾಟಿದರ ದೊಡ್ಡವರೂ ಕಷ್ಟ. ಗುಡ್ಡದ ಊರಿನ ಅಪಾಯ ಇಲ್ಲೇ ಅದ ತಾಯಿ. ತಗ್ಗಿನಾಗ ನಿಂತ ಮೊಣಕಾಲು ನೀರು ಸಾಮಾನು ಕೆಡಿಸ್ತದ, ಇಳಿಜಾರಿನಾಗ ಓಡೋ ಗೇಣು ನೀರು ಹುಡುಗನ್ನ ಎಳಕೊಂಡು ಹೋಗ್ತದ. ಹೆಕ್‌ರಾಸ್ 2ಡಿ ಅನ್ನೋ ನೀರಿನ ಹರಿವಿನ ಸಾಫ್ಟ್‌ವೇರ್ ಪುಕ್ಕಟ ಅದ, ನಿಮ್ಮ ಲೆವೆಲ್‌ಗಳಿಂದ ಓಣಿಯ ಟೆರೇನ್ ಮಾಡಿ ಅದರ ಮ್ಯಾಲ ಮಳಿ ಸುರಿಸಿ ಎರಡೂ ತೆಗೀರಿ, 14 ಗೆರಿಯಿಂದ ತಾಳೆ ನೋಡ್ರಿ.

ಮತ್ತ 25 ವರ್ಷಕ್ಕೊಮ್ಮೆಯ ಮಳಿ ಅಂತ ಬರೆದರ ಜನ ಇನ್ನ 25 ವರ್ಷ ನಿಶ್ಚಿಂತಿ ಅಂತ ತಿಳೀತಾರ. ಪ್ರತಿ ವರ್ಷ ನೂರಕ್ಕ ನಾಲ್ಕು ಅವಕಾಶ ಅಂತ ಬರೀರಿ. 30 ವರ್ಷ ಒಂದು ಮನಿಯಾಗ ಇದ್ದವರು ಅದನ್ನ ಒಮ್ಮೆಯಾದರೂ ನೋಡೋ ಸಾಧ್ಯತೆ ನೂರಕ್ಕ 70.

ಒಂದು ಕೇಳೋದದ. ಪೈಪಿನಾಗ ಹೂಳು ಎಷ್ಟದ? ಅಳತಿಯಾಗ ಅದನ್ನ ಬರದಿಲ್ಲ ನೀವು.

ತೊಗರಿಚೀಲ_ಗಂಜ್:

ಸರ, ಇವತ್ತು ಮುಂಜಾನಿ ನಾನೇ ಹೋಗಿ ಬಂದೆ, ತಂಗಿಗಿ ಪರೀಕ್ಷಾ ನಡದದ. ಮಗನ್ನ ಇಳಿಸಿ ಕಬ್ಬಿಣದ ಸರಳು ಚುಚ್ಚಿಸಿ ನೋಡಿದೆ. ಎರಡೂ ಪೈಪಿನಾಗ ಒಂದು ಫೂಟ್ ಮ್ಯಾಲ ರಾಡಿ ಅದ, ತೆಳಗ ಗಟ್ಟಿ ಕೆಂಪು ಮಣ್ಣು, ಮ್ಯಾಲ ಪ್ಲಾಸ್ಟಿಕ್, ಒಂದರಾಗ ಹರಕು ಚಾದರ ಸಿಕ್ಕಾದ.

ಲೆವೆಲ್‌ಸ್ಟಾಫ್_ನಿವೃತ್ತ:

ಮೂರು ಫೂಟಿನ ಪೈಪಿನಾಗ ಒಂದು ಫೂಟ್ ಹೂಳು ಅಂದರ 3.6 ಹೋಗಿ ಎರಡೂ ಕೂಡಿ 2ಕ್ಕ ಬರ್ತಾವ. ಆವಾಗ ಓಣಿಗಿ ಇಳಿಯೋದು 3.2 ಅಲ್ಲ, 4.8. ಒಂದು ಮೀಟರ್ ಅಗಲಕ್ಕ 0.8, ಆಳ ಗುಣಿಸು ವೇಗನೂ ಅಷ್ಟೇ. ದೊಡ್ಡವರೂ ನಿಲ್ಲೋ ಹಂಗಿಲ್ಲ. ಹೂಳು ತೆಗೆದರ 0.5ಕ್ಕ ಇಳೀತದ, ಮಕ್ಕಳಿಗಿ ಆಗಲೂ ಹೆಚ್ಚೇ. ರಿಂಗ್ ರೋಡಿನ ಬದಿ ಚರಂಡಿಯ ಆ 12 ಹೆಕ್ಟೇರ್ ನೀರನ್ನ ಅದರ ಸ್ವಂತ ನಾಲಾಕ್ಕ ತಿರುಗಿಸಿದರ 6.8ರ ಜಾಗಕ್ಕ 4.8 ಬರ್ತದ, ಆವಾಗ ಓಣಿಗಿ ಉಳಿಯೋದು 1.2, ಮೀಟರಿಗಿ 0.2. ಆಚಿ ನಾಲಾದ ಮೋರಿಗಿ ಅಷ್ಟು ತಾಳೋ ಶಕ್ತಿ ಅದ ಅಂತ ಅಳತಿ ಮಾಡಿದ ಮ್ಯಾಲೇ ಇದು, ಇಲ್ಲಂದರ ನಮ್ಮ ತ್ರಾಸು ಅವರ ಓಣಿಗಿ ಕಳಿಸಿದಂಗ ಆಗ್ತದ.

ಕೆಂಪುಮಣ್ಣು_ಬೀದರ್:

ಸರ್, ಈ ಮೂರು ಅಂಕಿನೂ ಮೂರು ನಕ್ಷೆ ಮಾಡ್ತೀನಿ, ಹೂಳು ಇದ್ದಂಗ, ಹೂಳು ತೆಗೆದಂಗ, ಚರಂಡಿ ತಿರುಗಿಸಿದಂಗ. ಆಚಿ ನಾಲಾ ಮೋರಿ ಆಯ್ತವಾರ ಅಳೀತೀವಿ, ಪರೀಕ್ಷಾ ಶನಿವಾರ ಮುಗೀತದ. ಆಶಾ ಅಕ್ಕ, ನಮ್ಮ ಓಣಿಯ ಆಶಾ ಅವರನ್ನ ಭೇಟಿ ಆಗೀನಿ, ಪಟ್ಟಿ ಅವರ ಹತ್ರನೇ ಇರ್ತದ, ನನಗ ಓಣಿಗೊಂದು ಅಂಕಿ ಕೊಟ್ಟಾರ ಅಷ್ಟೇ. ನಮ್ಮ ಓಣಿಯಾಗ ಆ ಅಂಕಿ 7 ಅದ, ಅದರಾಗ ಒಂದು ನಮ್ಮವ್ವಂದು.

ತೊಗರಿಚೀಲ_ಗಂಜ್:

ಆಯ್ತವಾರ ನಾನೂ ಬರ್ತೀನಿ. ಹಮಾಲರು ನಾಲ್ಕು ಮಂದಿ, ಬುಟ್ಟಿ, ಹಗ್ಗ, ಉದ್ದನ ಬಿದಿರು ಹೇಳೀನಿ, ವಾರ್ಡಿನವ್ರಿಗೂ ಅರ್ಜಿ ಕೊಟ್ಟೀವಿ, ಅವ್ರು ಬಂದ್ರ ಛಲೋ, ತಡಾ ಆದ್ರ ಬಾಯಿ ಹತ್ತಿರಿಂದಷ್ಟರೆ ನಾವೇ ತೆಗೀತೀವಿ. ಮಿರಗ (ಮೃಗಶಿರಾ ಮಳಿ) ಕೂಡ್ಲಾಕ ಇನ್ನ ಹದಿನೆಂಟು ದಿನ ಅದ. ನೀ ಬರೋವಾಗ ಆ ಅಳತಿ ಕೋಲು ತಗೊಂಡು ಬಾ ತಂಗಿ, ತೆಗದ ಮ್ಯಾಲ ತಳ ಎಷ್ಟು ಇಳೀತು ಅಂತ ಬರಕೋಬೇಕು.